ಮೋಟಾರ್‌ಸೈಕಲ್‌ಗಳ ಹಗಲು ದೀಪ

ಮೋಟಾರ್‌ಸೈಕಲ್, ಸ್ಕೂಟರ್, ಮೊಪೆಡ್ ಮುಂತಾದ ದ್ವಿಚಕ್ರ ವಾಹನಗಳ ಮುಂದೀಪವನ್ನು, ಅಂದರೆ ಬಳಕೆಯ ಮಾತಿನಲ್ಲಿ ಹೆಡ್‌ಲೈಟನ್ನು, ಹಗಲಿನಲ್ಲಿಯೂ ಉರಿಸಿಕೊಂಡು ಸಾಗುವ ಕ್ರಮಕ್ಕೆ ಹಗಲು ದೀಪ ಬಳಕೆ ಎನ್ನಲಾಗುತ್ತದೆ. ರಾತ್ರಿಯಲ್ಲಿ ದೀಪದ ಮುಖ್ಯ ಕೆಲಸ ಸವಾರನಿಗೆ ದಾರಿ ತೋರಿಸುವುದು. ಹಗಲಿನಲ್ಲಿ ಅದರ ಕೆಲಸ ಸವಾರನನ್ನು ಇತರರಿಗೆ ತೋರಿಸುವುದು. ಎದುರಿನಿಂದ ಬರುವವರು, ಅಡ್ಡರಸ್ತೆಯಿಂದ ಹೊರಬರುವವರು, ಕೂಡುರಸ್ತೆಯಲ್ಲಿ ತಿರುಗಲು ಕಾಯುತ್ತಿರುವವರು ದ್ವಿಚಕ್ರ ವಾಹನವನ್ನು ಬೇಗನೆ ಗುರುತಿಸಲಿ ಎಂಬುದೇ ಈ ಕ್ರಮದ ಉದ್ದೇಶ. ಹಲವು ದೇಶಗಳಲ್ಲಿ ಇದು ಕಾನೂನಿನ ಕಟ್ಟಳೆಯಾಗಿದೆ. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದೀಪ ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಗಿದೆ.

ದ್ವಿಚಕ್ರ ವಾಹನ ಕಣ್ತಪ್ಪುವ ಬಗೆ

ಅಪಘಾತದ ನಂತರ ಕಾರಿನ ಚಾಲಕರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಆ ಕಡೆ ನೋಡಿದೆ, ಆದರೆ ಬೈಕ್ ಕಾಣಲೇ ಇಲ್ಲ." ಇದನ್ನು ಕೇವಲ ನೆಪವೆಂದು ತಳ್ಳಿಹಾಕುವಂತಿಲ್ಲ. ನೋಡಿಯೂ ಕಾಣದೆ ಹೋಗುವುದು ರಸ್ತೆ ಸುರಕ್ಷತೆಯ ಸಂಶೋಧನೆಯಲ್ಲಿ ಪ್ರತ್ಯೇಕ ವರ್ಗವಾಗಿಯೇ ಪರಿಗಣಿತವಾಗಿರುವ ದೋಷ. ಅದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದು ಗಾತ್ರ. ಮುಂದಿನಿಂದ ನೋಡಿದಾಗ ಮೋಟಾರ್‌ಸೈಕಲ್‌ನ ಅಗಲ ಹ್ಯಾಂಡಲ್‌ನ ಅಗಲದಷ್ಟೇ, ಅಂದರೆ ಸುಮಾರು 75 ಸೆಂಟಿಮೀಟರ್. ಕಾರಿನ ಅಗಲ ಇದರ ಎರಡು ಪಟ್ಟಿಗಿಂತಲೂ ಹೆಚ್ಚು. 100 ಮೀಟರ್ ದೂರದಲ್ಲಿರುವ ಮೋಟಾರ್‌ಸೈಕಲ್ ನೋಡುವವನ ಕಣ್ಣಿನಲ್ಲಿ ಅರ್ಧ ಡಿಗ್ರಿಗಿಂತ ಕಡಿಮೆ ಕೋನವನ್ನು ಆವರಿಸುತ್ತದೆ. ಆಕಾಶದಲ್ಲಿ ಹುಣ್ಣಿಮೆಯ ಚಂದ್ರ ಕಾಣುವ ಅಗಲಕ್ಕಿಂತ ಇದು ಕಿರಿದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಆ ವಾಹನಕ್ಕೆ 100 ಮೀಟರ್ ಕ್ರಮಿಸಲು ಬೇಕಾಗುವುದು ಆರೇ ಸೆಕೆಂಡು. ಮರದ ನೆರಳು, ವಿದ್ಯುತ್ ಕಂಬ, ಜಾಹೀರಾತು ಫಲಕ, ನಿಂತ ವಾಹನಗಳ ಸಾಲು ಹಿನ್ನೆಲೆಯಲ್ಲಿದ್ದರೆ ಇಷ್ಟು ಕಿರಿದಾದ ಆಕೃತಿ ಅವುಗಳೊಳಗೆ ಬೆರೆತುಹೋಗುತ್ತದೆ.

ಎರಡನೆಯದು ವೇಗದ ಅಂದಾಜು. ನೇರವಾಗಿ ನಮ್ಮತ್ತ ಬರುತ್ತಿರುವ ವಸ್ತು ಕಣ್ಣಿಗೆ ಅತ್ತಿತ್ತ ಸರಿದಂತೆ ಕಾಣುವುದಿಲ್ಲ, ನಿಂತಲ್ಲೇ ನಿಧಾನವಾಗಿ ಹಿಗ್ಗಿದಂತೆ ಕಾಣುತ್ತದೆ. ಮಿದುಳು ಈ ಹಿಗ್ಗುವಿಕೆಯಿಂದಲೇ ವೇಗವನ್ನು ಅಳೆಯಬೇಕು. ಹಿಗ್ಗುವ ದರವಾದರೋ ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ: 100 ಮೀಟರ್ ದೂರದಲ್ಲಿ ಇರುವ ದರಕ್ಕಿಂತ 25 ಮೀಟರ್ ದೂರದಲ್ಲಿ ಅದು 16 ಪಟ್ಟು ಹೆಚ್ಚು. ಹೀಗಾಗಿ ಬಹಳ ಹೊತ್ತು ಏನೂ ಬದಲಾಗದಂತೆ ಕಾಣುತ್ತಿದ್ದ ಬೈಕ್ ಇದ್ದಕ್ಕಿದ್ದಂತೆ ಮೈಮೇಲೆ ಬಂದಂತಾಗುತ್ತದೆ. ಮೇಲೆ ಹೇಳಿದ ವೇಗದಲ್ಲಿ 25 ಮೀಟರ್ ಉಳಿದಿದೆ ಎಂದರೆ ಒಂದೂವರೆ ಸೆಕೆಂಡು ಮಾತ್ರ ಉಳಿದಿದೆ ಎಂದರ್ಥ. ಬ್ರೇಕಿನ ಮೇಲೆ ಕಾಲಿಡುವ ಹೊತ್ತಿಗೆ ಅದರಲ್ಲಿ ಬಹುಪಾಲು ಕಳೆದಿರುತ್ತದೆ. ಇದರ ಜೊತೆಗೆ, ಒಂದೇ ದೂರದಲ್ಲಿ ಒಂದೇ ವೇಗದಲ್ಲಿ ಬರುವ ದೊಡ್ಡ ವಸ್ತು ಬೇಗ ತಲುಪುತ್ತದೆ, ಚಿಕ್ಕ ವಸ್ತು ತಡವಾಗಿ ತಲುಪುತ್ತದೆ ಎಂದು ಜನ ಅಂದಾಜಿಸುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಲಾರಿ ಬರುತ್ತಿದ್ದರೆ ನಿಲ್ಲುವವನು ಬೈಕ್ ಬರುತ್ತಿದ್ದರೆ ದಾಟಿಬಿಡಬಹುದು ಎಂದುಕೊಳ್ಳುವುದಕ್ಕೆ ಧಾರ್ಷ್ಟ್ಯವೊಂದೇ ಕಾರಣವಲ್ಲ.

ಮೂರನೆಯದು ನಿರೀಕ್ಷೆ. ಕಾರುಗಳೇ ಹೆಚ್ಚಾಗಿರುವ ದೇಶಗಳಲ್ಲಿ ಚಾಲಕನ ಕಣ್ಣು ಕಾರನ್ನು ಹುಡುಕಲು ಪಳಗಿರುತ್ತದೆ. ಹುಡುಕದ ವಸ್ತು ಎದುರಿಗಿದ್ದರೂ ಗಮನಕ್ಕೆ ಬರುವುದಿಲ್ಲ. ಸ್ವತಃ ಮೋಟಾರ್‌ಸೈಕಲ್ ಪರವಾನಗಿ ಇರುವ ಕಾರು ಚಾಲಕರು ಈ ತಪ್ಪನ್ನು ಕಡಿಮೆ ಮಾಡುತ್ತಾರೆ ಎಂದು ಯುರೋಪಿನ ಅಧ್ಯಯನವೊಂದು ತೋರಿಸಿದೆ.

ಉರಿಯುತ್ತಿರುವ ಮುಂದೀಪವು ಈ ಮೂರರಲ್ಲಿ ಮೊದಲನೆಯದಕ್ಕೆ ನೇರ ಪರಿಹಾರ. ಹಿನ್ನೆಲೆಗಿಂತ ಬಹುಪಾಲು ಪ್ರಖರವಾದ ಒಂದು ಬಿಂದು ಕಣ್ಣಿನ ಅಂಚಿನಲ್ಲಿ ಬಿದ್ದರೂ ದೃಷ್ಟಿಯನ್ನು ತನ್ನತ್ತ ಸೆಳೆಯುತ್ತದೆ, ಮತ್ತು ಆ ವಾಹನ ನಿಂತದ್ದಲ್ಲ, ಚಲಿಸುತ್ತಿರುವುದು ಎಂಬ ಸೂಚನೆಯನ್ನೂ ಕೊಡುತ್ತದೆ. ಎರಡನೆಯದಕ್ಕೆ, ಅಂದರೆ ವೇಗದ ತಪ್ಪು ಅಂದಾಜಿಗೆ, ಒಂಟಿ ದೀಪದಿಂದ ಹೆಚ್ಚಿನ ನೆರವಿಲ್ಲ. ಎರಡು ದೀಪಗಳ ನಡುವಿನ ಅಂತರ ಹಿಗ್ಗುವುದನ್ನು ನೋಡಿ ವೇಗ ಅಳೆಯಬಹುದು, ಒಂದೇ ಬಿಂದುವಿನಲ್ಲಿ ಅಳೆಯಲು ಅಂತರವೇ ಇರುವುದಿಲ್ಲ. ಈ ವ್ಯತ್ಯಾಸವನ್ನು ಹಗಲು ದೀಪದ ಪರ ಪ್ರಚಾರಗಳು ಬಹುಮಟ್ಟಿಗೆ ಮರೆತಿವೆ.

ಅಧ್ಯಯನಗಳು

ಈ ವಿಷಯದಲ್ಲಿ ಮೊದಲ ದೊಡ್ಡ ದಾಖಲೆ ಅಮೆರಿಕದ್ದು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ನೇತೃತ್ವದ ತಂಡವು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ತೆರಳಿ ಪರಿಶೀಲಿಸಿತು, ಜೊತೆಗೆ 3,600 ಪೊಲೀಸ್ ವರದಿಗಳನ್ನು ವಿಶ್ಲೇಷಿಸಿತು. ಹರ್ಟ್ ವರದಿ ಎಂದೇ ಹೆಸರಾದ ಇದು 1981ರಲ್ಲಿ ಪ್ರಕಟವಾಯಿತು. ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಮತ್ತೊಂದು ವಾಹನದೊಂದಿಗಿನ ಡಿಕ್ಕಿ. ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗದಲ್ಲಿ ಮೋಟಾರ್‌ಸೈಕಲ್‌ಗೆ ಸಲ್ಲಬೇಕಾಗಿದ್ದ ದಾರಿಯನ್ನು ಇನ್ನೊಬ್ಬ ಚಾಲಕ ಕೊಡಲಿಲ್ಲ. ಮೋಟಾರ್‌ಸೈಕಲನ್ನು ಗುರುತಿಸಲು ಇತರ ಚಾಲಕರು ವಿಫಲರಾಗುವುದೇ ಪ್ರಧಾನ ಕಾರಣವೆಂದು ವರದಿ ಹೇಳಿತು. ಹಗಲಿನಲ್ಲಿ ಮುಂದೀಪ ಉರಿಸುವುದು, ಎದ್ದುಕಾಣುವ ಬಣ್ಣದ ಉಡುಪು ಧರಿಸುವುದು ಅಪಾಯವನ್ನು ತಗ್ಗಿಸುತ್ತವೆ ಎಂಬುದು ಅದರ ಶಿಫಾರಸುಗಳ ತಿರುಳು.

ಯುರೋಪಿನಲ್ಲಿ ಫ್ರಾನ್ಸ್, ಜರ್ಮನಿ, ಇಟಲಿ, ನೆದರ್ಲೆಂಡ್ಸ್ ಮತ್ತು ಸ್ಪೇನ್‌ಗಳಲ್ಲಿ ನಡೆದ 921 ಅಪಘಾತಗಳನ್ನು ಆಳವಾಗಿ ಪರಿಶೀಲಿಸಿದ ಮೇಡ್ಸ್ ಅಧ್ಯಯನವೂ ಸರಿಸುಮಾರು ಇದೇ ಚಿತ್ರವನ್ನು ಕೊಟ್ಟಿತು. ಅಲ್ಲಿ ಅರ್ಧದಷ್ಟು ಪ್ರಕರಣಗಳಲ್ಲಿ ಇನ್ನೊಂದು ವಾಹನದ ಚಾಲಕನ ತಪ್ಪೇ ಮುಖ್ಯ ಕಾರಣವಾಗಿತ್ತು. ಆ ತಪ್ಪುಗಳಲ್ಲಿ ಹೆಚ್ಚಿನವು ಕಾಣದೆ ಹೋದ ತಪ್ಪುಗಳು.

ಭಾರತದ ಪರಿಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಮಲೇಷ್ಯಾದ ಅನುಭವ. ಅಲ್ಲಿಯೂ ಹವಾಮಾನ ಉಷ್ಣವಲಯದ್ದು, ಬಿಸಿಲು ಪ್ರಖರ, ರಸ್ತೆಗಳಲ್ಲಿ ಕಡಿಮೆ ಸಾಮರ್ಥ್ಯದ ಮೋಟಾರ್‌ಸೈಕಲ್‌ಗಳೇ ಹೆಚ್ಚು. 1992ರ ಜುಲೈಯಲ್ಲಿ ಪ್ರಚಾರ ಆರಂಭಿಸಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಗಲು ದೀಪವನ್ನು ಕಡ್ಡಾಯಗೊಳಿಸಲಾಯಿತು. ಸೆರೆಂಬಾನ್ ಮತ್ತು ಷಾ ಆಲಂ ಪ್ರದೇಶಗಳ ಅಂಕಿಅಂಶಗಳನ್ನು ವಿಶ್ಲೇಷಿಸಿದ ರಾದಿನ್ ಉಮರ್ ಮತ್ತು ಸಹಲೇಖಕರು, ಕಾಣದಿರುವಿಕೆಗೆ ಸಂಬಂಧಿಸಿದ ಅಪಘಾತಗಳು ಶೇಕಡ 29ರಷ್ಟು ಇಳಿದವು ಎಂದು 1996ರಲ್ಲಿ ವರದಿ ಮಾಡಿದರು. ಮೋಡ ಮುಸುಕಿದ ಉತ್ತರ ಯುರೋಪಿನಲ್ಲಿ ಮಾತ್ರ ಹಗಲು ದೀಪ ಉಪಯುಕ್ತ, ಬಿಸಿಲಿನ ನಾಡಿಗೆ ಅದು ಬೇಡ ಎಂಬ ವಾದಕ್ಕೆ ಈ ಅಧ್ಯಯನವೇ ಬಲವಾದ ಉತ್ತರವಾಗಿ ಬಳಕೆಯಾಗುತ್ತಿದೆ.

ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ವಿಧಾನ ಬೇರೆ. ಗಾಯಗೊಂಡ ಅಥವಾ ಮೃತಪಟ್ಟ 463 ಸವಾರರನ್ನು ಅಪಘಾತಕ್ಕೊಳಗಾಗದ 1,233 ಸವಾರರೊಂದಿಗೆ ಅದು ಹೋಲಿಸಿತು. ಹಗಲಿನಲ್ಲಿ ದೀಪ ಉರಿಸುತ್ತಿದ್ದವರಲ್ಲಿ ಅಪಾಯ ಶೇಕಡ 27ರಷ್ಟು, ಪ್ರತಿಫಲಿಸುವ ಅಥವಾ ಹೊಳೆಯುವ ಬಣ್ಣದ ಉಡುಪು ಧರಿಸಿದವರಲ್ಲಿ ಶೇಕಡ 37ರಷ್ಟು, ಕಪ್ಪು ಹೆಲ್ಮೆಟ್‌ನವರಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್‌ನವರಲ್ಲಿ ಶೇಕಡ 24ರಷ್ಟು ಕಡಿಮೆ ಇತ್ತು. ಇಂತಹ ಹೋಲಿಕೆಗಳಲ್ಲಿ ಒಂದು ತೊಡಕು ಉಂಟು. ಸ್ವಇಚ್ಛೆಯಿಂದ ಹಗಲಿನಲ್ಲಿ ದೀಪ ಉರಿಸುವವನು ಇತರ ವಿಷಯಗಳಲ್ಲಿಯೂ ಎಚ್ಚರದ ಮನುಷ್ಯನಾಗಿರುವ ಸಾಧ್ಯತೆ ಹೆಚ್ಚು. ಅವನು ಉಳಿದದ್ದು ದೀಪದಿಂದಲೋ ಎಚ್ಚರದಿಂದಲೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಎಲ್ಲರಿಗೂ ಕಡ್ಡಾಯವಾದ ದೇಶಗಳ ಅಂಕಿಅಂಶಗಳಿಗೆ ಹೆಚ್ಚು ಬೆಲೆ ಬರುವುದು ಈ ಕಾರಣದಿಂದ.

ವಿವಿಧ ದೇಶಗಳಲ್ಲಿ

ಹಗಲಿನಲ್ಲಿ ವಾಹನದ ದೀಪ ಉರಿಸಬೇಕೆಂಬ ನಿಯಮ ಮೊದಲು ಬೇರೂರಿದ್ದು ಚಳಿಗಾಲದ ಹಗಲು ಮಂಕಾಗಿರುವ ಉತ್ತರ ಯುರೋಪಿನಲ್ಲಿ. ಫಿನ್ಲೆಂಡ್ 1972ರಲ್ಲಿ ಗ್ರಾಮಾಂತರ ರಸ್ತೆಗಳಲ್ಲಿ ಚಳಿಗಾಲಕ್ಕೆ ಸೀಮಿತವಾಗಿ, ಸ್ವೀಡನ್ 1977ರಲ್ಲಿ ವರ್ಷವಿಡೀ ಎಲ್ಲ ವಾಹನಗಳಿಗೂ ಇದನ್ನು ಜಾರಿಗೊಳಿಸಿದವು. ಜರ್ಮನಿಯಲ್ಲಿ 1988ರಿಂದ ಮೋಟಾರ್‌ಸೈಕಲ್ ಸವಾರರು ಹಗಲಿನಲ್ಲಿಯೂ ಲೋ ಬೀಮ್ ಉರಿಸಬೇಕು. ಸಿಂಗಪುರದಲ್ಲಿ 1995ರಿಂದ ಈ ನಿಯಮವಿದೆ; ಜಪಾನಿನಲ್ಲಿ 1998ರಿಂದ ಹೊಸ ಮೋಟಾರ್‌ಸೈಕಲ್‌ಗಳ ಮುಂದೀಪ ಸದಾ ಉರಿಯುವಂತೆಯೇ ತಯಾರಾಗಬೇಕು. ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಪ್ಪಂದದ ಪರಿಷ್ಕೃತ ಪಾಠವೂ ಹಗಲಿನಲ್ಲಿ ಸಾಗುವ ಮೋಟಾರ್‌ಸೈಕಲ್ ಮುಂದೆ ಲೋ ಬೀಮ್ ದೀಪವನ್ನೂ ಹಿಂದೆ ಕೆಂಪು ದೀಪವನ್ನೂ ತೋರಬೇಕೆನ್ನುತ್ತದೆ.

ಅಮೆರಿಕದಲ್ಲಿ ಇದು ರಾಜ್ಯಗಳ ಅಧಿಕಾರಕ್ಕೆ ಬಿಟ್ಟ ವಿಷಯ. ಕ್ಯಾಲಿಫೋರ್ನಿಯಾದ ನಿಯಮ 1978 ಮತ್ತು ಅನಂತರದ ಮೋಟಾರ್‌ಸೈಕಲ್‌ಗಳಿಗೆ ಅನ್ವಯಿಸುತ್ತದೆ. ಅಲ್ಲಿನ ಸಂಯುಕ್ತ ಮಾನದಂಡವು ಮಾಡ್ಯುಲೇಟರ್ ಎಂಬ ಸಾಧನವನ್ನೂ ಅನುಮತಿಸುತ್ತದೆ: ಹಗಲಿನಲ್ಲಿ ಮುಂದೀಪದ ಪ್ರಖರತೆ ನಿಮಿಷಕ್ಕೆ ಸುಮಾರು 240 ಬಾರಿ ಏರಿಳಿಯುವಂತೆ ಮಾಡುವ ಈ ಸಾಧನ, ಬೆಳಕು ಕಡಿಮೆಯಾದೊಡನೆ ತಾನಾಗಿ ನಿಲ್ಲಬೇಕು.

ಎಲ್ಲ ದೇಶಗಳೂ ಒಂದೇ ದಿಕ್ಕಿನಲ್ಲಿ ಸಾಗಿಲ್ಲ. ಆಸ್ಟ್ರೇಲಿಯಾ 1992ರಲ್ಲಿ ಹೊಸ ಮೋಟಾರ್‌ಸೈಕಲ್‌ಗಳ ದೀಪ ಸದಾ ಉರಿಯಬೇಕೆಂಬ ನಿಯಮ ತಂದು ಅದೇ ದಶಕದಲ್ಲಿ ಹಿಂತೆಗೆದುಕೊಂಡಿತು. ಆಸ್ಟ್ರಿಯಾದ ಪ್ರಸಂಗ ಇನ್ನೂ ಸ್ವಾರಸ್ಯಕರ. ಅಲ್ಲಿ 2005ರ ನವೆಂಬರ್‌ನಿಂದ ಕಾರುಗಳೂ ಸೇರಿ ಎಲ್ಲ ವಾಹನಗಳಿಗೆ ಹಗಲು ದೀಪ ಕಡ್ಡಾಯವಾಯಿತು. 2008ರ ಜನವರಿಯಲ್ಲಿ ಕಾರುಗಳ ಮಟ್ಟಿಗೆ ನಿಯಮ ರದ್ದಾಯಿತು, ಮೋಟಾರ್‌ಸೈಕಲ್‌ಗಳಿಗೆ ಉಳಿಯಿತು. ಎಲ್ಲರೂ ದೀಪ ಉರಿಸಿದರೆ ಯಾರೂ ಎದ್ದುಕಾಣುವುದಿಲ್ಲ, ದುರ್ಬಲರೇ ಮರೆಯಾಗುತ್ತಾರೆ ಎಂಬ ಆತಂಕವೂ ಆ ಚರ್ಚೆಯ ಭಾಗವಾಗಿತ್ತು.

ಭಾರತದಲ್ಲಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಮತ್ತು ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲಿ ವಾಹನದ ದೀಪ ಉರಿಯಬೇಕು. ಮುಂದಿನ 155 ಮೀಟರ್ ದೂರದ ಜನ ಮತ್ತು ವಾಹನಗಳು ಸ್ಪಷ್ಟವಾಗಿ ಕಾಣುವಂತಿರಬೇಕು. ಹಗಲಿನ ಮಾತು ಅದರಲ್ಲಿ ಇರಲಿಲ್ಲ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ಮಂಜಿನಲ್ಲಿ ಮಧ್ಯಾಹ್ನವೂ ದೀಪ ಹಾಕಿಕೊಂಡೇ ಸಾಗುವುದು ರೂಢಿಯಾಗಿತ್ತಾದರೂ, ಬಿಸಿಲಿನಲ್ಲಿ ಉರಿಯುವ ದೀಪವನ್ನು ಮರೆವಿನ ಗುರುತೆಂದೇ ಭಾವಿಸಲಾಗುತ್ತಿತ್ತು.

ರಸ್ತೆ ಸುರಕ್ಷತೆಯ ಮೇಲ್ವಿಚಾರಣೆಗಾಗಿ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿತು. ಈ ಸಮಿತಿಯ ಶಿಫಾರಸನ್ನು ಅನುಸರಿಸಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಆಟೊಮ್ಯಾಟಿಕ್ ಹೆಡ್‌ಲ್ಯಾಂಪ್ ಆನ್, ಸಂಕ್ಷಿಪ್ತವಾಗಿ ಎಎಚ್‌ಒ, ವ್ಯವಸ್ಥೆಯನ್ನು 2017ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಭಾರತ್ ಸ್ಟೇಜ್ 4 ಹೊಗೆ ಮಾನದಂಡ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಅನ್ವಯವಾದದ್ದೂ ಅದೇ ದಿನ. ಆದ್ದರಿಂದ ಮಾರಾಟಗಾರರ ಬಾಯಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬಂದವು, ಮತ್ತು ಸದಾ ಉರಿಯುವ ದೀಪ ಹೊಗೆ ನಿಯಮದ ಒಂದು ಅಂಗವೆಂಬ ತಪ್ಪು ತಿಳಿವಳಿಕೆ ಹಲವರಲ್ಲಿ ಉಳಿದುಹೋಯಿತು. ನಿಯಮ ಹೊಸ ವಾಹನಗಳ ತಯಾರಿಕೆಗೆ ಸಂಬಂಧಿಸಿದ್ದು. ಅದಕ್ಕಿಂತ ಹಳೆಯ ವಾಹನಗಳಲ್ಲಿ ಸ್ವಿಚ್ ತೆಗೆಸಬೇಕೆಂಬ ಕಟ್ಟಳೆ ಇಲ್ಲ.

ಬಲಗೈ ಹಿಡಿಕೆಯ ಬಳಿ ಇರುತ್ತಿದ್ದ ದೀಪದ ಸ್ವಿಚ್ ಹೊಸ ವಾಹನಗಳಲ್ಲಿ ಕಾಣೆಯಾಯಿತು. ಎಡಗೈ ಬಳಿಯ ಡಿಪ್ಪರ್ ಮತ್ತು ಪಾಸ್ ಗುಂಡಿಗಳು ಉಳಿದವು. ಆರಂಭದ ತಿಂಗಳುಗಳಲ್ಲಿ ಹೊಸ ಬೈಕ್ ಸವಾರರಿಗೆ ಎದುರಾದ ದೊಡ್ಡ ಕಾಟ ಎದುರಿನವರ ಸೌಜನ್ಯವೇ ಆಗಿತ್ತು. ಬೆರಳುಗಳನ್ನು ಬಿಚ್ಚಿ ಮುಚ್ಚಿ "ಲೈಟ್ ಉರೀತಿದೆ" ಎಂದು ಸನ್ನೆ ಮಾಡುವುದು ನಮ್ಮ ರಸ್ತೆಗಳ ಹಳೆಯ ಪರೋಪಕಾರ. ಸಿಗ್ನಲ್ಲಿನಲ್ಲಿ ನಿಂತವರು, ರಸ್ತೆ ಬದಿಯ ಅಂಗಡಿಯವರು, ಎದುರಿನ ಬಸ್ಸಿನ ಚಾಲಕರು ಎಲ್ಲರೂ ಸನ್ನೆ ಮಾಡುವವರೇ. ಇನ್ನೊಂದು ಗೊಂದಲವೂ ಇತ್ತು. ಇಲ್ಲಿ ಎದುರಿನವನಿಗೆ ದೀಪ ತೋರಿಸುವುದು "ನಾನು ಬರುತ್ತಿದ್ದೇನೆ, ನೀನು ನಿಲ್ಲು" ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಸದಾ ಉರಿಯುವ ದೀಪವನ್ನು ಕೆಲವರು ಜಗಳಕ್ಕೆ ಕರೆದಂತೆ ಭಾವಿಸಿದ್ದುಂಟು.

ಭಾರತದಲ್ಲಿ ಈ ಕ್ರಮದ ಫಲವನ್ನು ಅಳೆಯುವುದು ಕಷ್ಟ. ಸಚಿವಾಲಯದ ವಾರ್ಷಿಕ ವರದಿಗಳ ಪ್ರಕಾರ 2016ರಲ್ಲಿ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ 1,50,785 ಜನರಲ್ಲಿ ದ್ವಿಚಕ್ರ ವಾಹನದವರು ಶೇಕಡ 34.8, 2022ರಲ್ಲಿ ಮೃತಪಟ್ಟ 1,68,491 ಜನರಲ್ಲಿ ಶೇಕಡ 44.5. ಇದನ್ನು ನೋಡಿ ದೀಪದಿಂದ ಪ್ರಯೋಜನವಾಗಲಿಲ್ಲ ಎನ್ನುವುದು ಅವಸರದ ತೀರ್ಮಾನ. ಈ ಅವಧಿಯಲ್ಲಿ ದ್ವಿಚಕ್ರ ವಾಹನಗಳ ಸಂಖ್ಯೆ ಬಹಳ ಬೆಳೆಯಿತು. 2020ರ ಲಾಕ್‌ಡೌನ್ ಸಂಚಾರದ ಲೆಕ್ಕವನ್ನೇ ಅಡಿಮೇಲು ಮಾಡಿತು. 2019ರಿಂದ 125 ಸಿಸಿಗಿಂತ ಹೆಚ್ಚಿನ ವಾಹನಗಳಿಗೆ ಎಬಿಎಸ್ ಬ್ರೇಕ್, ಅದಕ್ಕಿಂತ ಚಿಕ್ಕವಕ್ಕೆ ಸಂಯುಕ್ತ ಬ್ರೇಕ್ ಕಡ್ಡಾಯವಾದವು. ಹೆಲ್ಮೆಟ್ ಇಲ್ಲದಿರುವುದು, ಅತಿವೇಗ, ಹಿಂದಿನಿಂದ ಬಡಿಯುವ ಲಾರಿ, ರಸ್ತೆಯ ಗುಂಡಿ ಇವಾವುದಕ್ಕೂ ಮುಂದೀಪ ಮದ್ದಲ್ಲ.

ವಿದ್ಯುತ್ ವ್ಯವಸ್ಥೆ

ಭಾರತದ ಸಾಮಾನ್ಯ ಬೈಕ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು 12 ವೋಲ್ಟ್, 35 ವಾಟ್ ಹ್ಯಾಲೊಜೆನ್ ಬಲ್ಬ್. ಹಲವು ಹಳೆಯ ಮಾದರಿಗಳಲ್ಲಿ ಈ ದೀಪಕ್ಕೆ ವಿದ್ಯುತ್ ಬರುತ್ತಿದ್ದದ್ದು ಬ್ಯಾಟರಿಯಿಂದಲ್ಲ, ನೇರವಾಗಿ ಎಂಜಿನ್ನಿನ ಮ್ಯಾಗ್ನೆಟೊ ಸುರುಳಿಯಿಂದ. ಗಾಡಿ ನಿಂತಾಗ ಎಂಜಿನ್ ನಿಧಾನವಾಗಿ ತಿರುಗಿದರೆ ದೀಪವೂ ಮಂಕಾಗುತ್ತಿದ್ದದ್ದು ಇದರಿಂದಲೇ. ಇಂತಹ ವಾಹನದಲ್ಲಿ ಎಎಚ್‌ಒ ಅಳವಡಿಸಲು ಸ್ವಿಚ್ಚನ್ನು ತೆಗೆದು ತಂತಿಯನ್ನು ಜೋಡಿಸಿದರೆ ಬಹುಮಟ್ಟಿಗೆ ಸಾಕು. ಎಂಜಿನ್ ಚಾಲೂ ಆಗುವವರೆಗೆ ದೀಪ ಹೊತ್ತುವುದಿಲ್ಲವಾದ್ದರಿಂದ ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಮೇಲೆ ಹೆಚ್ಚುವರಿ ಹೊರೆ ಬೀಳುವುದಿಲ್ಲ.

ಮೈಲೇಜ್ ಕಡಿಮೆಯಾಗುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ ಎಂಬುದು ಜನರ ಸಾಮಾನ್ಯ ದೂರು. ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರ್ ಮತ್ತು ಶಂಟ್ ಮಾದರಿಯ ರೆಗ್ಯುಲೇಟರ್ ಇರುವ ವಾಹನಗಳಲ್ಲಿ ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಅಲ್ಲಿ ಎಂಜಿನ್ ತಿರುಗುವಷ್ಟು ಹೊತ್ತೂ ವಿದ್ಯುತ್ ಉತ್ಪಾದನೆಯಾಗುತ್ತಲೇ ಇರುತ್ತದೆ. ಬೇಡದ ಪಾಲನ್ನು ರೆಗ್ಯುಲೇಟರ್ ಶಾಖವಾಗಿ ಕಳೆದುಬಿಡುತ್ತದೆ. ದೀಪ ಉರಿಸದಿದ್ದರೆ ಆ ಶಕ್ತಿ ಉಳಿಯುವುದಿಲ್ಲ, ವ್ಯರ್ಥವಾಗುತ್ತದೆ. ಬಲ್ಬಿನ ಆಯುಷ್ಯ ಕುಗ್ಗುವುದು ಮಾತ್ರ ನಿಜ. ಎಲ್‌ಇಡಿ ದೀಪಗಳು ಬಂದ ಮೇಲೆ ಈ ತಕರಾರೂ ಕ್ಷೀಣಿಸಿದೆ. ಮುಂದೀಪದ ಬದಲಿಗೆ ಹಗಲಿಗೆಂದೇ ಪ್ರತ್ಯೇಕವಾಗಿ ರೂಪಿಸಿದ ಡಿಆರ್‌ಎಲ್ ದೀಪಗಳೂ ಈಗ ಸಾಮಾನ್ಯವಾಗುತ್ತಿವೆ. ವಿಶ್ವಸಂಸ್ಥೆಯ ಯುರೋಪ್ ಆಯೋಗದ ನಿಯಮದ ಪ್ರಕಾರ ಇವುಗಳ ಬೆಳಕು 400ರಿಂದ 1,200 ಕ್ಯಾಂಡೆಲಾ ಮಿತಿಯೊಳಗಿರಬೇಕು: ಹಗಲಿನಲ್ಲಿ ಎದ್ದುಕಾಣುವಷ್ಟು, ಕಣ್ಣು ಕೋರೈಸದಷ್ಟು.

ಮಿತಿಗಳು ಮತ್ತು ಆಕ್ಷೇಪಗಳು

ದೀಪ ಎಲ್ಲ ಸಂದರ್ಭಗಳಲ್ಲೂ ವಸ್ತುವನ್ನು ಎದ್ದುಕಾಣಿಸುತ್ತದೆ ಎಂಬುದು ಸರಿಯಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ನೌಕಾಪಡೆ ಯೆಹೂದಿ ಎಂಬ ಗುಪ್ತನಾಮದಲ್ಲಿ ನಡೆಸಿದ ಪ್ರಯೋಗವೊಂದು ಇದಕ್ಕೆ ನಿದರ್ಶನ. ಆಕಾಶದ ಹಿನ್ನೆಲೆಯಲ್ಲಿ ವಿಮಾನ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಅದರ ಮುಂಭಾಗಕ್ಕೆ ಆಕಾಶದಷ್ಟೇ ಪ್ರಖರವಾದ ದೀಪಗಳನ್ನು ಜೋಡಿಸಿದಾಗ ಅದು ಹಿನ್ನೆಲೆಯಲ್ಲಿ ಕರಗಿ, ಬಹಳ ಹತ್ತಿರ ಬರುವವರೆಗೆ ಕಣ್ಣಿಗೆ ಬೀಳಲಿಲ್ಲ. ಸೂರ್ಯ ಬೆನ್ನಿಗಿದ್ದಾಗ, ರಸ್ತೆಯೇ ಹೊಳೆಯುತ್ತಿರುವಾಗ ಬೈಕಿನ ದೀಪಕ್ಕೂ ಇಂಥದೇ ಗತಿ ಬರಬಹುದು ಎಂದು ಹಗಲು ದೀಪದ ಟೀಕಾಕಾರರು ಇದನ್ನು ಉದಾಹರಿಸುತ್ತಾರೆ. ಆದರೆ ಆ ಪ್ರಯೋಗದಲ್ಲಿ ಬೆಳಕನ್ನು ಹಿನ್ನೆಲೆಗೆ ಸರಿಹೊಂದುವಂತೆ ಎಚ್ಚರದಿಂದ ಹೊಂದಿಸಲಾಗಿತ್ತು. ರಸ್ತೆಯಲ್ಲಿ ಅಂತಹ ಹೊಂದಾಣಿಕೆ ಆಕಸ್ಮಿಕವಾಗಿ ಮಾತ್ರ ಒದಗೀತು.

ಹೆಚ್ಚು ತೂಕದ ಆಕ್ಷೇಪ ಕಾರುಗಳ ಹಗಲು ದೀಪದ್ದು. ಯುರೋಪ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯವಾಯಿತು. ಸುತ್ತಲಿನ ಕಾರುಗಳ ದೀಪಗಳೂ ಉರಿಯುತ್ತಿದ್ದರೆ ಮೋಟಾರ್‌ಸೈಕಲ್ ಗುರುತಿಸುವುದು ಕಷ್ಟವಾಗುತ್ತದೆ ಎಂದು ಫ್ರಾನ್ಸಿನ ಸಂಶೋಧಕಿಯರಾದ ವಿಯೋಲಾ ಕವಾಲ್ಲೊ ಮತ್ತು ಮಾರಿಯಾ ಪಿಂಟೊ 2012ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಮೋಟಾರ್‌ಸೈಕಲ್‌ಗೆ ಮಾತ್ರ ಮೀಸಲಾದ ಹಳದಿ ದೀಪ, ಅಥವಾ ಹೆಲ್ಮೆಟ್ ಹಾಗೂ ಹ್ಯಾಂಡಲ್‌ಗಳ ಮೇಲೆ ಹೆಚ್ಚುವರಿ ದೀಪಗಳನ್ನಿಟ್ಟು ವಾಹನದ ಆಕೃತಿಯೇ ಕಾಣುವಂತೆ ಮಾಡುವ ಜೋಡಣೆಗಳನ್ನು ಅನಂತರದ ಪ್ರಯೋಗಗಳಲ್ಲಿ ಪರೀಕ್ಷಿಸಲಾಗಿದೆ. ಹ್ಯಾಂಡಲ್‌ನ ಎರಡು ತುದಿಗಳ ದೀಪಗಳ ನಡುವೆ ಅಂತರವಿರುವುದರಿಂದ ವೇಗದ ಅಂದಾಜಿಗೂ ಇಂತಹ ಜೋಡಣೆ ಆಧಾರ ಕೊಡುತ್ತದೆ.

ಭಾರತದ ರಸ್ತೆಗಳಲ್ಲಿ ಕಾಣುವ ತೊಂದರೆ ಬೇರೆ ಬಗೆಯದು. ದೀಪ ಸದಾ ಉರಿಯುವುದರಿಂದ ಡಿಪ್ಪರ್ ಯಾವ ಕಡೆಗಿದೆ ಎಂಬುದನ್ನು ಹಗಲಿನಲ್ಲಿ ಸವಾರ ಗಮನಿಸುವುದಿಲ್ಲ. ಮೀಟರಿನಲ್ಲಿ ಉರಿಯುವ ನೀಲಿ ಸೂಚಕವೂ ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಹೈ ಬೀಮ್‌ನಲ್ಲಿ ಉಳಿದ ದೀಪ ಸಂಜೆಯಾದ ಮೇಲೂ ಹಾಗೆಯೇ ಮುಂದುವರಿದು ಎದುರಿನವರ ಕಣ್ಣು ಕುಕ್ಕುತ್ತದೆ. ಅಂಗಡಿಯಲ್ಲಿ ಸಿಗುವ ಅತಿ ಪ್ರಖರ ಎಲ್‌ಇಡಿ ಬಲ್ಬುಗಳನ್ನು ಹ್ಯಾಲೊಜೆನ್‌ಗಾಗಿ ರೂಪಿಸಿದ ಪ್ರತಿಫಲಕಕ್ಕೆ ಹಾಕಿಸಿದಾಗ ಬೆಳಕು ಎಲ್ಲೆಂದರಲ್ಲಿ ಚೆದರುತ್ತದೆ. ಮುಂದೀಪ ತೀರಾ ಪ್ರಖರವಾಗಿದ್ದರೆ ಅದರ ಪಕ್ಕದಲ್ಲೇ ಮಿನುಗುವ ಇಂಡಿಕೇಟರ್ ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ: ಬೈಕ್ ಬರುತ್ತಿದೆ ಎಂಬುದು ಎದುರಿನವನಿಗೆ ತಿಳಿಯುತ್ತದೆ, ಅದು ಯಾವ ಕಡೆಗೆ ತಿರುಗಲಿದೆ ಎಂಬುದು ತಿಳಿಯುವುದಿಲ್ಲ.